ತ್ರಸರೇಣುವೂ ಅಯಸ್ಕಾಂತವೂ: ಸೂಕ್ಷ್ಮಮಾನದ ಇತಿಹಾಸದಲ್ಲೊಂದು ವಿಚಾರ

೧

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿಯು ವಿದಿತವೇ ಇದೆ. ಭೂಮಿಯನ್ನು ದತ್ತಿಯಾಗಿ ಬಿಡುವಾಗ ಶಾಸನಕಾರನು ಇಷ್ಟು ಮತ್ತರು, ಇಷ್ಟು ಕಮ್ಮ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅದು ಯಾವ ಗಳೆಯಿಂದ ಅಳೆದ ಮತ್ತರೆಂಬುದನ್ನೂ ಅನೇಕ ವೇಳೆ ಹೇಳುತ್ತಾನೆ. ಬಳ್ಳಿಗಾವೆಯ ಸೀಮೆಯಲ್ಲಿ ಭೇರುಂಡ ಗಳೆಯು ಪ್ರಸಿದ್ಧವಾಗಿದ್ದಿತು. ಬೇರೆ ಸೀಮೆಗಳಿಗೆ ಬೇರೆ ಗಳೆಗಳಿದ್ದುವು. ಗಳೆಯು ಬದಲಾದರೆ ಮತ್ತರೂ ಬದಲಾಗುವುದು. ಮತ್ತರು ಬದಲಾದರೆ ದೇವರ ಅಮೃತಪಡಿಗೂ ವಿದ್ಯಾರ್ಥಿಗಳ ಗ್ರಾಸಕ್ಕೂ ಕೊರತೆಯುಂಟಾಗುವುದು. ಆದುದರಿಂದ ಅಂಕೆಯ ಜೊತೆಗೆ ಅಳೆದ ಕೋಲಿನ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸುವುದು ಅವಶ್ಯವಾಯಿತು. ವ್ಯವಹಾರದಲ್ಲಿ ಹುಟ್ಟಿದ ಈ ಎಚ್ಚರವು ಶಾಸ್ತ್ರವಿಚಾರದಲ್ಲಿಯೂ ನಮಗಿರಬೇಕೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಇದನ್ನು ಬರೆಯಲು ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸಿಕೊಳ್ಳುವೆನು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಒಂದು ಸಭೆಯಲ್ಲಿ ನಾನು ಪ್ರಾಚೀನರ ಸೂಕ್ಷ್ಮಮಾನವನ್ನು ಕುರಿತು ಉಪನ್ಯಾಸ ಮಾಡಿದೆನು. ಬೌದ್ಧರ ಲಲಿತವಿಸ್ತರದಲ್ಲಿ ಹೇಳಿದ ಪರಮಾಣುರಜಸ್ಸಿನ ಗಣನೆಯನ್ನು ಇಂದಿನ ಮಾನಕ್ಕೆ ತಂದರೆ ಅದು ಈಗಿನ ವಿಜ್ಞಾನಿಗಳು ಹೇಳುವ ಪರಮಾಣುವಿನ ಗಾತ್ರಕ್ಕೆ ಸರಿಹೊಂದುವುದೆಂದೂ, ನಮ್ಮವರು ಅದನ್ನು ಅಂದೇ ಅಳೆದಿದ್ದರೆಂದೂ ಉತ್ಸಾಹದಿಂದ ಹೇಳಿದೆನು. ಸಭೆಯು ಕೈತಟ್ಟಿತು. ಹಿಂದೆ ಕುಳಿತಿದ್ದ ಒಬ್ಬ ಹುಡುಗನು ಎದ್ದು, “ಗುರುಗಳೇ, ಅವರು ಅದನ್ನು ಯಾವ ಕೋಲಿನಿಂದ ಅಳೆದರು?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಶಾಸನಗಳನ್ನು ಮೂವತ್ತು ವರ್ಷ ಓದಿಯೂ ಗಳೆಯ ಹೆಸರನ್ನು ಕೇಳುವುದನ್ನು ನಾನೇ ಮರೆತಿದ್ದೆನು. ಆ ಪ್ರಶ್ನೆಗೆ ಈಗ ನನಗೆ ತೋರಿದ ಸಮಾಧಾನವನ್ನು ವಿದ್ವಾಂಸರ ಮುಂದಿಡುತ್ತೇನೆ.

೨

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕು ಸ್ಥಳಗಳನ್ನೊಳಗೊಂಡ ಪ್ರದೇಶವು ಈ ವಿಚಾರಕ್ಕೆ ಬಹಳ ಉಚಿತವಾದ ಕ್ಷೇತ್ರವಾಗಿದೆ. ಅಣುವನ್ನು ಕುರಿತು ಪರಸ್ಪರ ಭಿನ್ನವಾಗಿ ಚಿಂತಿಸಿದ ಮೂರು ಸಂಪ್ರದಾಯಗಳು ಇಲ್ಲಿ ಕೆಲವೇ ಹರದಾರಿಗಳ ಅಂತರದಲ್ಲಿ ನೆಲೆಗೊಂಡಿದ್ದುವು.

ಗದಗಿನ ತ್ರಿಕೂಟೇಶ್ವರ ದೇವಾಲಯವು ಕಾಳಾಮುಖ ಶೈವಾಚಾರ್ಯರ ಸ್ಥಾನವಾಗಿದ್ದಿತು. ಹೊಯ್ಸಳ ವೀರಬಲ್ಲಾಳನು ೧೧೯೨ರಲ್ಲಿ ಲೊಕ್ಕಿಗುಂಡಿಯ ಬೀಡಿನಲ್ಲಿದ್ದಾಗ ಆ ದೇವರಿಗೆ ದತ್ತಿಯನ್ನು ಬಿಟ್ಟ ಶಾಸನದಲ್ಲಿ ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವರ ಹೆಸರು ಬರುತ್ತದೆ. ಕಾಳಾಮುಖರ ಮಠಗಳಲ್ಲಿ ನ್ಯಾಯ ವೈಶೇಷಿಕಗಳ ವ್ಯಾಖ್ಯಾನವು ನಡೆಯುತ್ತಿದ್ದಿತೆಂಬುದು ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನದಿಂದ ಸ್ಪಷ್ಟವಾಗಿದೆ. ಲಕ್ಷ್ಮೇಶ್ವರವೆಂದರೆ ಪ್ರಾಚೀನ ಪುಲಿಗೆರೆ, ಶಂಖಜಿನಾಲಯವುಳ್ಳ ಜೈನಕ್ಷೇತ್ರ. ಅದನ್ನು ಕನ್ನಡದ ತಿರುಳಿನ ನಾಡಿನಲ್ಲಿ ಎಣಿಸಿದ ಕವಿರಾಜಮಾರ್ಗವು ಯಾವ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿತೋ, ಆ ಅರಸನನ್ನೇ ಜೈನಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಆದಿಯಲ್ಲಿ ಹೊಗಳಿದ್ದಾನೆ. ಮುಂಡರಗಿ ತಾಲೂಕಿನ ಡಂಬಳದಲ್ಲಿ, ಅಂದರೆ ಶಾಸನಗಳ ಧರ್ಮವೊಳಲಿನಲ್ಲಿ, ೧೦೯೫-೯೬ರ ಶಾಸನವೊಂದು ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಹೇಳುತ್ತದೆ. ಇವರು ಇಂಥ ಗ್ರಂಥವನ್ನೇ ಓದಿದರೆಂದು ಶಾಸನಗಳು ಹೇಳುವುದಿಲ್ಲ. ಆದರೆ ಶೈವ, ಜೈನ, ಬೌದ್ಧ ಮತಗಳು ಇಲ್ಲಿ ಅಕ್ಕಪಕ್ಕದಲ್ಲಿ ಬಾಳಿದುವೆಂಬುದರಲ್ಲಿ ಸಂಶಯವಿಲ್ಲ. ಇನ್ನು ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡವು ಚಿನ್ನಕ್ಕೂ ಕಬ್ಬಿಣದ ಅದಿರಿಗೂ ಹೆಸರಾದುದು. ಬೆಳಕಿನ ಮಾನವನ್ನು ದೇವಾಲಯದ ಜಾಲಂಧ್ರಗಳು ನೆನಪಿಗೆ ತಂದರೆ, ಅಯಸ್ಸಿನ ಮಾತನ್ನು ಆ ಗುಡ್ಡವು ನೆನಪಿಗೆ ತರುತ್ತದೆ.

೩

ಪ್ರಾಚೀನರ ಸೂಕ್ಷ್ಮಮಾನಕ್ಕೆ ಬೆಳಕೇ ಮೊದಲ ಸಾಧನವು. ಕಿಟಕಿಯ ಜಾಲದೊಳಗಿಂದ ಬಂದ ಬಿಸಿಲಕೋಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ಮನುವೂ ಯಾಜ್ಞವಲ್ಕ್ಯನೂ ತ್ರಸರೇಣುವೆಂದು ಕರೆದು, ಅದನ್ನು ಮಾನಗಳಲ್ಲಿ ಮೊದಲನೆಯದೆಂದು ಹೇಳಿದ್ದಾರೆ. ವರಾಹಮಿಹಿರನು ಅದೇ ಕಣಕ್ಕೆ ಪರಮಾಣುವೆಂಬ ಹೆಸರನ್ನಿಟ್ಟಿದ್ದಾನೆ. ಕಣ್ಣಿಗೆ ಕಾಣುವುದರಲ್ಲಿ ಅತ್ಯಲ್ಪವಾದುದು ಯಾವುದೆಂದು ಹುಡುಕಿ, ಬೆಳಕನ್ನು ಓರೆಯಾಗಿ ಬಿಟ್ಟಾಗ ಮಾತ್ರ ಅದು ಗೋಚರವಾಗುವುದೆಂದು ಕಂಡುಕೊಂಡುದು ನಿಜವಾದ ಪರೀಕ್ಷಕರ ಲಕ್ಷಣವು. ಸವೆದ ಶಾಸನದ ಅಕ್ಷರವನ್ನು ಮುಂಜಾವಿನ ಓರೆಬಿಸಿಲಿನಲ್ಲಿ ಓದುವ ನಮಗೆ ಇದು ಚೆನ್ನಾಗಿ ಗೊತ್ತು.

ಮುಂದಿನ ಸೋಪಾನಗಳಲ್ಲಿ ಗ್ರಂಥಗಳು ಒಂದಕ್ಕೊಂದು ಸೇರುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಪರಮಾಣುಗಳಿಗೆ ರಥಚಕ್ರದಿಂದೆದ್ದ ಒಂದು ಕಣ. ಮುಂದೆ ಎಂಟೆಂಟರಂತೆ ಲಿಕ್ಷೆ, ಯೂಕಮಧ್ಯ, ಯವಮಧ್ಯ, ಅಂಗುಲ. ಹೀಗೆ ಒಂದು ಅಂಗುಲಕ್ಕೆ ೩೨,೭೬೮ ಪರಮಾಣುಗಳಾಗುವುವು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಮೆಟ್ಟಿಲು ಹೆಚ್ಚಾಗಿದ್ದು ೨,೬೨,೧೪೪ ಆಗುವುದು. ಲಲಿತವಿಸ್ತರದಲ್ಲಿ ಏಳರ ಗುಣಾಕಾರವು ಹತ್ತು ಮೆಟ್ಟಿಲು ನಡೆದು ೨೮,೨೪,೭೫,೨೪೯ ಬರುವುದು. ಅಂಗುಲವನ್ನು ಸ್ಥೂಲವಾಗಿ ೧೯ ಮಿಲಿಮೀಟರೆಂದು ಹಿಡಿಯೋಣ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ಈಗ ನ್ಯಾನೋಮೀಟರೆಂದು ಹೆಸರು. ಆ ಲೆಕ್ಕದಲ್ಲಿ ಕೌಟಿಲ್ಯನ ಪರಮಾಣುವು ಸುಮಾರು ೫೮೦ ನ್ಯಾನೋಮೀಟರು, ವರಾಹಮಿಹಿರನದು ಸುಮಾರು ೭೨, ಲಲಿತವಿಸ್ತರದ್ದು ಸುಮಾರು ೦.೦೬೭.

ಇಲ್ಲಿಯೇ ಮೋಹವು ಹುಟ್ಟುವುದು. ಹಳದಿ ಬೆಳಕಿನ ತರಂಗಾಂತರವು ಸುಮಾರು ೫೮೦ ನ್ಯಾನೋಮೀಟರು. ಜಲಜನಕದ ಪರಮಾಣುವಿನ ತ್ರಿಜ್ಯವು ಸುಮಾರು ೦.೦೫೩. ಬೇಕಾದವರು ಕೌಟಿಲ್ಯನು ಬೆಳಕಿನ ಅಲೆಯನ್ನಳೆದನೆಂದೂ, ಬೌದ್ಧರು ಪರಮಾಣುವನ್ನಳೆದರೆಂದೂ ಹೇಳಬಹುದು. ನಾನೂ ಹಾಗೆಯೇ ಹೇಳಿದೆನು. ಆದರೆ ಒಂದೇ ಹೆಸರಿನ ವಸ್ತುವು ಒಂದು ಗ್ರಂಥದಲ್ಲಿ ಇನ್ನೊಂದರಲ್ಲಿರುವುದಕ್ಕಿಂತ ೮,೬೨೦ ಪಾಲು ದೊಡ್ಡದಾಗಿದ್ದರೆ, ಅವೆರಡೂ ಅಳತೆಗಳೆಂಬುದು ಹೇಗೆ ಸಲ್ಲುವುದು? ಒಂದೇ ಹೊಲವನ್ನು ಒಬ್ಬನು ಒಂದು ಮತ್ತರೆಂದೂ ಇನ್ನೊಬ್ಬನು ಎಂಟು ಸಾವಿರ ಮತ್ತರೆಂದೂ ಹೇಳಿದರೆ, ನ್ಯಾಯಸಭೆಯು ಇಬ್ಬರ ಗಳೆಯನ್ನೂ ತರಿಸದೆ ತೀರ್ಪು ಹೇಳುವುದಿಲ್ಲ.

ಸೋಪಾನವು ಗಣನೆಯೇ ಹೊರತು ಅಳತೆಯಲ್ಲವೆಂಬುದಕ್ಕೆ ತೂಕದ ಪ್ರಮಾಣವು ಇನ್ನೂ ಬಲವಾದುದು. ಮನುವಿನ ಕ್ರಮದಲ್ಲಿ ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷೆ, ಮೂರು ಲಿಕ್ಷೆಗೆ ರಾಜಸರ್ಷಪ, ಅಂಥ ಮೂರಕ್ಕೆ ಗೌರಸರ್ಷಪ, ಆರಕ್ಕೆ ಯವ, ಮೂರು ಯವಕ್ಕೆ ಒಂದು ಕೃಷ್ಣಲ, ಅಂದರೆ ನಮ್ಮ ಗುಲಗಂಜಿ. ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದುದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಡಂಬಳದ ವಿಹಾರಶಾಸನವೂ ಆ ಅರಸನ ಕಾಲದ್ದೇ. ಲೊಕ್ಕಿಗುಂಡಿಯ ಟಂಕಸಾಲೆಯಿಂದ ಲೊಕ್ಕಿಗದ್ಯಾಣವು ಹೊರಟು ನಾಡೆಲ್ಲ ನಡೆಯುತ್ತಿದ್ದಿತು. ಚಿನ್ನವನ್ನು ತೂಗುವವನಿಗೆ ಗುಲಗಂಜಿಯು ಕೈಗೆ ಸಿಕ್ಕುವ ವಸ್ತು. ಅದರ ಕೆಳಗಿನ ಮೆಟ್ಟಿಲುಗಳು ಶಾಸ್ತ್ರದ ವಸ್ತು. ಮನುವಿನ ಲೆಕ್ಕದಂತೆ ಗುಲಗಂಜಿಗೆ ೧,೨೯೬ ತ್ರಸರೇಣುಗಳು. ಗುಲಗಂಜಿಯು ಸುಮಾರು ೦.೧೨ ಗ್ರಾಮು ತೂಗುವುದಾದರೆ ತ್ರಸರೇಣುವು ಗ್ರಾಮಿನ ಹತ್ತುಸಾವಿರದಲ್ಲಿ ಒಂದು ಪಾಲಿನಷ್ಟಾಗುವುದು. ಇಷ್ಟು ತೂಕದ ಮಣ್ಣಿನ ಕಣವು ಮಿಲಿಮೀಟರಿನ ಐದರಲ್ಲಿ ಎರಡು ಪಾಲಿನಷ್ಟು ದಪ್ಪವಾಗಿರಬೇಕು. ಅದು ಮರಳಿನ ಕಣವು. ಗಾಳಿಯಲ್ಲಿ ತೇಲುವುದಿಲ್ಲ, ಬಿಸಿಲಕೋಲಿನಲ್ಲಿ ಕುಣಿಯುವುದೂ ಇಲ್ಲ. ಕಂಡ ಕಣವು ಒಂದು, ಎಣಿಸಿದ ಕಣವು ಇನ್ನೊಂದು ಎಂದಾಯಿತು.

ಇದರಿಂದ ಪ್ರಾಚೀನರಿಗೆ ಅಗೌರವವುಂಟಾಗುವುದೆಂದು ತಿಳಿಯಬಾರದು. ಅವರಲ್ಲಿ ಸೂಕ್ಷ್ಮದರ್ಶಿಗಳಾದವರು ನಾವು ಮಾಡುವ ತಪ್ಪನ್ನು ಮಾಡಲಿಲ್ಲ. ಪರಮಾಣುವು ತ್ರಸರೇಣುವಿನ ಆರನೆಯ ಒಂದು ಪಾಲೆಂಬ ಮಾತು ಪ್ರಚಲಿತವಾಗಿದ್ದರೂ, ಎರಡು ಪರಮಾಣುಗಳಿಂದ ದ್ವ್ಯಣುಕವೂ ಮೂರು ದ್ವ್ಯಣುಕಗಳಿಂದ ತ್ರಸರೇಣುವೂ ಆಗುವುದೆನ್ನುವ ವೈಶೇಷಿಕರು, ತ್ರಸರೇಣುವಿನ ಮಹತ್ಪರಿಮಾಣಕ್ಕೆ ಅವಯವಗಳ ಗಾತ್ರವು ಕಾರಣವಲ್ಲ, ಅವುಗಳ ಸಂಖ್ಯೆಯೇ ಕಾರಣವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಿದ್ದ ಮೇಲೆ ತ್ರಸರೇಣುವಿನ ಉದ್ದವನ್ನು ಆರರಿಂದ ಭಾಗಿಸಿ ಪರಮಾಣುವಿನ ಉದ್ದವನ್ನು ಪಡೆಯುವುದು ಅವರ ಮತದಲ್ಲಿಯೇ ಅಸಿದ್ಧವು. ಮಹಾವೀರಾಚಾರ್ಯನಾದರೋ ಅನಂತ ಪರಮಾಣುಗಳಿಂದ ಒಂದು ಅಣುವಾಗುವುದೆಂದು ಹೇಳಿ, ಆ ಅಣುವಿನಿಂದಲೇ ಮಾನವನ್ನು ಪ್ರಾರಂಭಿಸುತ್ತಾನೆ. ಅನಂತವೆಂದ ಬಳಿಕ ಪರಮಾಣುವು ಲೆಕ್ಕಕ್ಕೆ ಹೊರಗೆ ನಿಂತಿತು. ಗಣಿತಜ್ಞನ ಪ್ರಾಮಾಣಿಕತೆಯೆಂದರೆ ಇದು.

೪

ಇನ್ನು ಅಯಸ್ಕಾಂತದ ವಿಚಾರ. ಕಣಾದನು ಸೂಜಿಯು ಅಯಸ್ಕಾಂತದೆಡೆಗೆ ಸರಿಯುವುದನ್ನು ನೋಡಿ, ಅದಕ್ಕೆ ಅದೃಷ್ಟವನ್ನು ಕಾರಣವಾಗಿ ಹೇಳಿದನು. ಮುಟ್ಟುವುದು ಕಾಣದು, ನೂಕುವುದು ಕಾಣದು, ಆದರೂ ಚಲನವು ಕಾಣುವುದು. ಕಾಣದ ಕಾರಣಕ್ಕೆ ಅವನಿಟ್ಟ ಹೆಸರು ಅದು. ಸುಶ್ರುತನು ಶರೀರದಲ್ಲಿ ನೆಟ್ಟ ಕಬ್ಬಿಣದ ಶಲ್ಯವನ್ನು ಹೊರತೆಗೆಯುವ ಉಪಾಯಗಳಲ್ಲಿ ಅಯಸ್ಕಾಂತವನ್ನೂ ಸೇರಿಸಿದ್ದಾನೆ. ರಸರತ್ನಸಮುಚ್ಚಯದಲ್ಲಿ ಕಾಂತಲೋಹವನ್ನು ಭ್ರಾಮಕ, ಚುಂಬಕ, ಕರ್ಷಕ, ದ್ರಾವಕ, ರೋಮಕವೆಂದು ಐದಾಗಿ ವಿಂಗಡಿಸಿದೆ. ಈ ವಿಂಗಡಣೆಯು ಬಲದ ತಾರತಮ್ಯವನ್ನು ಗಮನಿಸಿತು. ಆದರೆ ಬಲವು ದೂರಕ್ಕನುಸಾರವಾಗಿ ಎಷ್ಟೆಷ್ಟು ಕುಗ್ಗುವುದೆಂಬುದನ್ನು ಅಂಕೆಯಲ್ಲಿ ಹೇಳಲಿಲ್ಲ. ಆ ಅಂಕೆಯೊಂದಿದ್ದರೆ ಬಲವನ್ನು ನೋಡಿ ದೂರವನ್ನು ಹೇಳಬಹುದಾಗಿದ್ದಿತು, ಅಯಸ್ಕಾಂತವೇ ಗಳೆಯಾಗಬಹುದಾಗಿದ್ದಿತು.

೫

ಈಗ ಹುಡುಗನ ಪ್ರಶ್ನೆಗೆ ಬರೋಣ. ಅಷ್ಟು ಸೂಕ್ಷ್ಮವನ್ನು ಅಳೆಯುವ ಕೋಲು ಎಂದು, ಹೇಗೆ ದೊರೆಯಿತು?

ಬೆಟಗೇರಿಯ ನೇಕಾರನು ಬಟ್ಟೆಯ ನಯವನ್ನು ಎಳೆಗಳನ್ನೆಣಿಸಿ ನಿರ್ಣಯಿಸುತ್ತಾನೆ. ಎಳೆಯು ಒಂದೇ ಸಮನಾಗಿದ್ದರೆ ಎಣಿಕೆಯೇ ಅಳತೆಯಾಗುವುದು. ಬೆಳಕಿನಲ್ಲಿಯೂ ಹೀಗೆ ಸಮನಾದ ಎಳೆಗಳುಂಟೆಂಬುದು ಐರೋಪ್ಯ ವಿದ್ವಾಂಸರಿಗೆ ಗೊತ್ತಾದುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ನೀರಿನ ಮೇಲೆ ಹರಡಿದ ಎಣ್ಣೆಯ ತೆಳುಪೊರೆಯಲ್ಲಿ ಕಾಣುವ ಬಣ್ಣಗಳು ಪೊರೆಯ ಮೇಲ್ಮೈ ಕೆಳಮೈಗಳಿಂದ ಮರಳಿದ ಅಲೆಗಳ ಕೂಡುವಿಕೆಯಿಂದಾದುವು. ಇಂಗ್ಲೆಂಡಿನ ಥಾಮಸ್ ಯಂಗನು ೧೮೦೧ರ ಸುಮಾರಿಗೆ ಇಂಥ ಬಣ್ಣದ ಉಂಗುರಗಳಿಂದಲೇ ಆಯಾ ಬಣ್ಣದ ತರಂಗಾಂತರವನ್ನು ಲೆಕ್ಕಹಾಕಿದನು. ಅಮೆರಿಕದ ಮೈಕೆಲ್‌ಸನ್ ೧೮೯೨-೯೩ರಲ್ಲಿ ಪ್ಯಾರಿಸಿನ ಸಮೀಪದ ಮಾನಸಂಸ್ಥೆಯಲ್ಲಿ ಮೀಟರಿನ ಮೂಲಕೋಲನ್ನು ಕ್ಯಾಡ್ಮಿಯಂ ಧಾತುವಿನ ಕೆಂಪು ಬೆಳಕಿನ ಅಲೆಗಳಿಂದ ಅಳೆದು, ಅದರಲ್ಲಿ ೧೫,೫೩,೧೬೩.೫ ಅಲೆಗಳಿರುವುವೆಂದು ನಿರ್ಣಯಿಸಿದನು. ೧೯೬೦ರಲ್ಲಿ ಲೋಹದ ಕೋಲನ್ನು ಬಿಟ್ಟು ಕ್ರಿಪ್ಟಾನ್ ಅನಿಲದ ಕಿತ್ತಳೆಗೆಂಪು ಬೆಳಕಿನ ೧೬,೫೦,೭೬೩.೭೩ ಅಲೆಗಳಷ್ಟು ಉದ್ದವೇ ಮೀಟರೆಂದು ರಾಷ್ಟ್ರಗಳು ಒಪ್ಪಿದುವು. ೧೯೮೩ರಿಂದ ಬೆಳಕು ಸೆಕೆಂಡಿನ ೨೯,೯೭,೯೨,೪೫೮ರಲ್ಲಿ ಒಂದು ಪಾಲಿನಲ್ಲಿ ನಡೆಯುವ ದೂರವೇ ಮೀಟರೆನಿಸಿದೆ. ಜಾಲಂಧ್ರದ ಬಿಸಿಲು ಮಾನಗಳಲ್ಲಿ ಮೊದಲನೆಯದನ್ನು ತೋರಿಸಿತ್ತು; ಈಗ ಬೆಳಕು ತಾನೇ ಮೊದಲ ಮಾನವಾಯಿತು.

ಆದರೆ ಅಲೆಗಿಂತ ಬಹಳ ಚಿಕ್ಕದಾದ ಅಂತರವನ್ನು ಸಾಮಾನ್ಯ ಸೂಕ್ಷ್ಮದರ್ಶಕವು ಬಿಡಿಸಿ ತೋರಿಸಲಾರದು. ಜರ್ಮನಿಯ ಅಬ್ಬೆಯು ೧೮೭೩ರಲ್ಲಿ ಈ ಮೇರೆಯನ್ನು ಹೇಳಿದನು. ಅದು ಸುಮಾರು ಇನ್ನೂರು ನ್ಯಾನೋಮೀಟರು. ಶರೀರದ ಪ್ರೋಟೀನುಗಳೊಳಗಿನ ಅಂತರಗಳು ಎರಡು, ಐದು, ಹತ್ತು ನ್ಯಾನೋಮೀಟರುಗಳು. ಅಲ್ಲಿಗೆ ಬೇರೊಂದು ಉಪಾಯವು ಬೇಕಾಯಿತು. ಬೆಳಕನ್ನು ಹೀರಿದ ಒಂದು ವರ್ಣಾಣುವು ಹತ್ತಿರದ ಇನ್ನೊಂದಕ್ಕೆ ತನ್ನ ಶಕ್ತಿಯನ್ನು ದಾಟಿಸುವುದುಂಟು. ಈ ದಾಟುವಿಕೆಯ ವೇಗವು ದೂರದ ಆರನೆಯ ಘಾತದಂತೆ ಕುಗ್ಗುವುದೆಂದು ಫ್ಯೋರ್ಸ್ಟರನು ೧೯೪೬-೪೮ರಲ್ಲಿ ತೋರಿಸಿದನು. ದೂರವು ಇಮ್ಮಡಿಯಾದರೆ ವೇಗವು ಅರವತ್ತನಾಲ್ಕರಲ್ಲಿ ಒಂದು ಪಾಲಾಗುವುದು. ಇದು ದಿಟವೋ ಎಂಬುದನ್ನು ೧೯೬೭ರಲ್ಲಿ ಸ್ಟ್ರೈಯರ್ ಮತ್ತು ಹಾಗ್‌ಲಂಡ್ ಎಂಬವರು ಪರೀಕ್ಷಿಸಿದ ರೀತಿಯು ನಮ್ಮ ಶಾಸನಕಾರರಿಗೆ ಮೆಚ್ಚುಗೆಯಾಗುವಂಥದು. ಪ್ರೋಲೀನ್ ಎಂಬ ಅಮೈನೋ ಆಮ್ಲದ ಒಂದರಿಂದ ಹನ್ನೆರಡು ಕೊಂಡಿಗಳ ಬಿಗುವಾದ ಸರಪಳಿಗಳನ್ನು ಮಾಡಿ, ತುದಿಗಳಿಗೆ ಎರಡು ವರ್ಣಾಣುಗಳನ್ನು ಕಟ್ಟಿ, ೧.೨ರಿಂದ ೪.೬ ನ್ಯಾನೋಮೀಟರುಗಳವರೆಗಿನ ಗೊತ್ತಾದ ಅಂತರಗಳಲ್ಲಿ ದಾಟುವಿಕೆಯನ್ನು ನೋಡಿದರು. ಘಾತವು ೫.೯ ಎಂದು ಬಂದಿತು. ಮೊದಲು ಗಳೆಯನ್ನು ಸ್ಥಾಪಿಸಿ ಆಮೇಲೆ ಹೊಲವನ್ನಳೆಯುವ ಕ್ರಮವಿದು.

೬

ಬೆಳಕಿಗೂ ಅಯಸ್ಕಾಂತಕ್ಕೂ ಸಂಬಂಧವುಂಟೆಂಬುದನ್ನು ಫ್ಯಾರಡೆಯು ೧೮೪೫ರಲ್ಲಿಯೇ ಕಂಡಿದ್ದನು. ಬಲವಾದ ಅಯಸ್ಕಾಂತದ ನಡುವೆ ಗಾಜಿನೊಳಗೆ ಹಾಯ್ದ ಬೆಳಕಿನ ಕಂಪನತಲವು ತಿರುಗುವುದೆಂದು ಅವನ ಪ್ರಯೋಗವು ತೋರಿಸಿತು. ಇಲೆಕ್ಟ್ರಾನು ಒಂದು ಅತಿಸೂಕ್ಷ್ಮ ಅಯಸ್ಕಾಂತವೆಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಅದರ ಕಾಂತಾನುರಣನವನ್ನು ಜಾವೊಯ್ಸ್ಕಿಯು ೧೯೪೪ರಲ್ಲಿ ರಷ್ಯದ ಕಜಾನಿನಲ್ಲಿ ಕಂಡನು. ಇಂಥ ಎರಡು ಇಲೆಕ್ಟ್ರಾನುಗಳು ಹತ್ತಿರವಿದ್ದರೆ ಒಂದರ ಕಾಂತತ್ವವು ಇನ್ನೊಂದರ ಅನುರಣನವನ್ನು ಅಲುಗಿಸುವುದು. ಆ ಅಲುಗಾಟದ ಆವೃತ್ತಿಯು ದೂರದ ಘನದಂತೆ ಕುಗ್ಗುವುದು. ೧೯೮೧ರಲ್ಲಿ ನೊವೊಸಿಬಿರ್ಸ್ಕಿನ ಮಿಲೋವ್, ಸಾಲಿಖೋವ್ ಮೊದಲಾದವರು ಎರಡು ಬೇರೆ ಆವೃತ್ತಿಗಳ ಸೂಕ್ಷ್ಮತರಂಗಗಳಿಂದ ಈ ಅಲುಗಾಟವನ್ನು ಬೇರ್ಪಡಿಸಿ ಎಣಿಸುವ ಮಾರ್ಗವನ್ನು ತೋರಿಸಿದರು. ಅಂತರವು ಒಂದು ನ್ಯಾನೋಮೀಟರಾದರೆ ಆವೃತ್ತಿಯು ಸೆಕೆಂಡಿಗೆ ಸುಮಾರು ೫ ಕೋಟಿ ೨೦ ಲಕ್ಷ. ಎರಡಾದರೆ ೬೫ ಲಕ್ಷ. ನಾಲ್ಕಾದರೆ ಸುಮಾರು ೮ ಲಕ್ಷ. ಪ್ರೋಟೀನಿನ ಎರಡು ಸ್ಥಾನಗಳಿಗೆ ಇಂಥ ಇಲೆಕ್ಟ್ರಾನುಳ್ಳ ಗುರುತುಗಳನ್ನು ಕಟ್ಟಿ, ದ್ರಾವಣವನ್ನು ಗಡ್ಡೆಗಟ್ಟುವಂತೆ ತಣಿಸಿ, ಸುಮಾರು ಒಂದೂವರೆಯಿಂದ ಎಂಟು ನ್ಯಾನೋಮೀಟರುಗಳವರೆಗಿನ ಅಂತರವನ್ನು ಹೀಗೆ ಅಳೆಯುತ್ತಾರೆ.

ಈ ಗಳೆಯ ವಿಶೇಷವೇನೆಂದರೆ, ಇದನ್ನು ಇನ್ನೊಂದು ಕೋಲಿನೊಡನೆ ಹೋಲಿಸಬೇಕಾದುದಿಲ್ಲ. ಇಲೆಕ್ಟ್ರಾನಿನ ಕಾಂತಬಲವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಒಂದೇ. ಆವೃತ್ತಿಯು ಗೊತ್ತಾದರೆ ದೂರವು ಗೊತ್ತಾಯಿತು. ದೋಷವೂ ಇಲ್ಲದಿಲ್ಲ: ಗುರುತನ್ನು ಕಟ್ಟಿದ ಅಣುಬಂಧವು ಅತ್ತಿತ್ತ ವಾಲುವಷ್ಟರ ಮಟ್ಟಿಗೆ ಅಳತೆಯೂ ವಾಲುವುದು. ಇದನ್ನು ಅವರು ಮರೆಮಾಡದೆ, ಒಂದೇ ಅಂಕೆಯ ಬದಲು ಅಂತರಗಳ ಹಂಚಿಕೆಯನ್ನೇ ಪ್ರಕಟಿಸುತ್ತಾರೆ.

ಬೆಳಕು, ಅಯಸ್ಕಾಂತ, ಎರಡನ್ನೂ ಕೂಡಿಸಿದ ಮಾರ್ಗಗಳೂ ಈಚೆಗೆ ಬಂದಿವೆ. ಎಲೆಯ ಹಸುರಿಗೂ ರಕ್ತದ ಕೆಂಪಿಗೂ ಮೂಲವಾದ ಪೋರ್ಫಿರಿನ್ ಚಕ್ರವು ಕತ್ತಲಲ್ಲಿ ಅಯಸ್ಕಾಂತದಂತೆ ವರ್ತಿಸದೆ, ಬೆಳಕು ಬಿದ್ದೊಡನೆ ಅಲ್ಪಕಾಲ ಹಾಗಾಗುವಂತೆ ಮಾಡಬಹುದು. ಅದನ್ನೇ ಗುರುತಾಗಿ ಬಳಸಿ ಅಂತರವನ್ನಳೆಯಬಹುದೆಂದು ಇಟಲಿಯ ಪಾದುವದ ವಿದ್ವಾಂಸರು ೨೦೧೪ರಲ್ಲಿ ತೋರಿಸಿದರು. ವಜ್ರದಲ್ಲಿ ಒಂದು ಇಂಗಾಲದ ಸ್ಥಾನದಲ್ಲಿ ಸಾರಜನಕವಿದ್ದು ಅದರ ನೆರೆಯ ಸ್ಥಾನವು ಬರಿದಾಗಿದ್ದರೆ, ಹಸುರು ಬೆಳಕಿಗೆ ಅದು ಕೆಂಪು ಬೆಳಕನ್ನು ಮರಳಿಸುವುದು. ಆ ಕೆಂಪಿನ ಹೆಚ್ಚುಕಡಮೆಯಿಂದ ಒಳಗಿನ ಇಲೆಕ್ಟ್ರಾನಿನ ಕಾಂತಸ್ಥಿತಿಯನ್ನು ಓದಬಹುದು. ಒಂದೊಂದೇ ದೋಷವನ್ನು ಹೀಗೆ ಓದುವುದು ೧೯೯೭ರಲ್ಲಿ ಸಾಧ್ಯವಾಯಿತು. ಎರಡರ ನಡುವಿನ ಕಾಂತಸಂಬಂಧದಿಂದ ಅವುಗಳ ಅಂತರವನ್ನು ತಿಳಿಯುವುದೂ ಆಮೇಲೆ ಕೈಗೂಡಿತು. ರತ್ನಪರೀಕ್ಷಕರು ಕಳಂಕವೆಂದು ತಳ್ಳುವ ದೋಷವೇ ಇಲ್ಲಿ ಅಳತೆಯ ಸಾಧನವಾಯಿತು. ಕಣಾದನ ಅದೃಷ್ಟವು ಬೆಳಕಿನ ಮೂಲಕ ದೃಷ್ಟವಾಯಿತೆಂದರೆ ಅತಿಶಯೋಕ್ತಿಯಾಗದು.

೭

ಮೇಲ್ಕಂಡ ವಿಚಾರದಿಂದ ತಿಳಿದುಬರುವುದಿಷ್ಟು. ಬಿಸಿಲಕೋಲಿನ ಕಣವನ್ನು ಕಂಡು, ಅದಕ್ಕಿಂತ ಸೂಕ್ಷ್ಮವಾದುದು ಉಂಟೇ ಉಂಟೆಂದು ತರ್ಕಿಸಿ, ಅದರ ವರೆಗೆ ಮೆಟ್ಟಿಲುಗಳನ್ನು ಕಟ್ಟಿದುದು ನಮ್ಮ ಪೂರ್ವಿಕರ ಬುದ್ಧಿಯ ಹಿರಿಮೆಯು. ಆ ಮೆಟ್ಟಿಲುಗಳು ಗುಣಾಕಾರದಿಂದ ಬಂದುವೇ ಹೊರತು ಅಳತೆಯಿಂದ ಬಂದುವಲ್ಲ. ಅಳತೆಗೆ ಸಮನಾದ ಎಳೆಯೂ, ದೂರಕ್ಕನುಸಾರವಾಗಿ ಬದಲಾಗುವ ನಿಯತವಾದ ಬಲವೂ ಬೇಕಾಗಿದ್ದುವು. ಅವು ಬೆಳಕಿನಲ್ಲಿಯೂ ಅಯಸ್ಕಾಂತದಲ್ಲಿಯೂ ದೊರೆತುದು ಕಳೆದ ಎರಡು ಶತಮಾನಗಳಲ್ಲಿ. ಗಣನೆಯನ್ನು ಅಳತೆಯೆಂದು ಹೊಗಳಿದರೆ ಇಬ್ಬರಿಗೂ ಅನ್ಯಾಯವಾಗುವುದು: ತಾವು ಹೇಳದ ಮಾತನ್ನು ಪೂರ್ವಿಕರ ಬಾಯಲ್ಲಿ ಇಟ್ಟಂತಾಗುವುದು, ಕಷ್ಟಪಟ್ಟು ಗಳೆಯನ್ನು ಕಂಡುಹಿಡಿದವರ ಶ್ರಮವನ್ನು ಅಲ್ಲಗಳೆದಂತಾಗುವುದು.

ತ್ರಸರ��ಣುವಿನ ಪ್ರಕರಣವನ್ನು ಪಾಠ ಹೇಳುವ ಅಧ್ಯಾಪಕರು ಮೂರು ಗ್ರಂಥಗಳ ಮೂರು ಲೆಕ್ಕಗಳನ್ನೂ ವಿದ್ಯಾರ್ಥಿಗಳ ಮುಂದೆ ಒಟ್ಟಿಗೆ ಇಡಬೇಕೆಂದು ನನ್ನ ಬಿನ್ನಹ. ಒಂದನ್ನೇ ಆರಿಸಿ ತೋರಿಸಿದರೆ ಬೆರಗು ಹುಟ್ಟುವುದು. ಮೂರನ್ನೂ ತೋರಿಸಿದರೆ ವಿಚಾರವು ಹುಟ್ಟುವುದು. ಆ ದಿನ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕಾಗಿದ್ದ ಮಾತನ್ನು ಇಲ್ಲಿ ಬರೆದಿದ್ದೇನೆ. ಗಳೆಯ ಹೆಸರಿಲ್ಲದ ದತ್ತಿಯು ವಿವಾದಕ್ಕೆ ಎಡೆಯಾಗುವುದೆಂದು ಈ ಸೀಮೆಯ ಒಕ್ಕಲಿಗನೂ ಕರಣಿಕನೂ ಬಲ್ಲವರಾಗಿದ್ದರು. ಪಂಡಿತನಾದ ನಾನು ಅದನ್ನು ತಡವಾಗಿ ಕಲಿತೆನು. ಇದರಲ್ಲಿ ದೋಷಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.